ಮಾತಿನ ಮನೆಗೆ ಹಣದ ಬಾಗಿಲು ಬೇಕೆ?

ಲೋಕವ್ಯವಹಾರವು ಮಾತು ಮತ್ತು ಹಣ ಎಂಬ ಎರಡು ಆಧಾರಗಳ ಮೇಲೆ ನಿಂತಿದೆ. ಮಾತಿನಿಂದ ಸಂಬಂಧ ಬೆಳೆಯುತ್ತದೆ. ಹಣದಿಂದ ಸಂಸಾರ ಸಾಗುತ್ತದೆ. ಎರಡೂ ಬೇಕಾದವುಗಳೇ ಆದರೂ ಅವುಗಳ ನಡುವೆ ಒಂದಿಷ್ಟು ಅಂತರವನ್ನು ಕಾಯ್ದುಕೊಂಡು ಬರುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಜಗುಲಿಯ ಮೇಲೆ ಕುಳಿತು ಎಷ್ಟು ಹೊತ್ತು ಮಾತನಾಡಿದರೂ ಹಣ ಕೊಡುವ ಪ್ರಸಂಗ ಬಂದಾಗ ಮನೆಯ ಯಜಮಾನನು ಎದ್ದು ಒಳಗೆ ಹೋಗಿ, ಪೆಟ್ಟಿಗೆಯ ಬೀಗ ತೆಗೆದು, ಎಣಿಸಿ ತಂದು ಕೊಡುತ್ತಿದ್ದನು. ಜಗುಲಿಯಿಂದ ಪೆಟ್ಟಿಗೆಯವರೆಗಿನ ಆ ಹತ್ತು ಹೆಜ್ಜೆಗಳಲ್ಲಿ ವಿವೇಚನೆಗೆ ಅವಕಾಶವಿತ್ತು. ಕೊಡಬೇಕೆ, ಎಷ್ಟು ಕೊಡಬೇಕು, ಮನೆಯಾಕೆಯನ್ನು ಒಂದು ಮಾತು ಕೇಳಬೇಕೆ ಎಂಬ ಆಲೋಚನೆಗಳೆಲ್ಲ ಆ ನಡಿಗೆಯಲ್ಲಿಯೇ ಆಗಿಹೋಗುತ್ತಿದ್ದವು.

ಇಂದು ಆ ಹತ್ತು ಹೆಜ್ಜೆಗಳು ಮಾಯವಾಗಿವೆ. ವಾಟ್ಸ್‌ಆ್ಯಪ್ ಮೊದಲಾದ ಸಾಮಾಜಿಕ ಮಾಧ್ಯಮಗಳಲ್ಲಿ ಬಂಧುಮಿತ್ರರೊಡನೆ ಮಾತು ನಡೆಯುವ ತೆರೆಯ ಮೇಲೆಯೇ ರೂಪಾಯಿಯ ಗುರುತೊಂದು ಕುಳಿತಿದೆ. ಅದನ್ನು ಒತ್ತಿ, ಮೊತ್ತವನ್ನು ನಮೂದಿಸಿ, ಗುಪ್ತಸಂಖ್ಯೆಯನ್ನು ಕೊಟ್ಟರೆ ಹಣವು ಕ್ಷಣಾರ್ಧದಲ್ಲಿ ಇನ್ನೊಬ್ಬರ ಖಾತೆಯನ್ನು ಸೇರುತ್ತದೆ. ಮಾತಿಗಾಗಿ ಕಟ್ಟಿದ ಮನೆಗೆ ಹೀಗೆ ಹಣದ ಬಾಗಿಲನ್ನು ಇರಿಸುವುದು ಉಚಿತವೆ? ಈ ಪ್ರಶ್ನೆಯನ್ನು ಬ್ಯಾಂಕಿನವರಿಗೂ ಯಂತ್ರಜ್ಞರಿಗೂ ಬಿಟ್ಟು ನಾವು ಸುಮ್ಮನಿರುವಂತಿಲ್ಲ. ಇದು ಪ್ರತಿಯೊಂದು ಕುಟುಂಬದ ಗಂಟಿಗೂ ನಂಟಿಗೂ ಸಂಬಂಧಿಸಿದ ವಿಷಯವಾಗಿದೆ.

ಪತ್ರ ಮತ್ತು ಹಣದ ಹಳೆಯ ನಂಟು

ಸಂದೇಶ ಮತ್ತು ಹಣ ಒಂದೇ ಕೈಯಲ್ಲಿ ಸಾಗುವುದು ಹೊಸ ಸಂಗತಿಯೇನಲ್ಲ. ನಮ್ಮ ದೇಶದ ಅಂಚೆ ಇಲಾಖೆಯು 1880ರಲ್ಲಿಯೇ ಮನಿಆರ್ಡರ್ ಪದ್ಧತಿಯನ್ನು ಆರಂಭಿಸಿತು. ಪತ್ರವನ್ನು ತರುತ್ತಿದ್ದ ಅಂಚೆಯವನೇ ಹಣವನ್ನೂ ತರುತ್ತಿದ್ದನು. ಮನಿಆರ್ಡರ್ ಫಾರಮಿನ ತುದಿಯಲ್ಲಿ ನಾಲ್ಕು ಸಾಲು ಬರೆಯುವಷ್ಟು ಜಾಗವಿರುತ್ತಿತ್ತು. ಮಠದ ಪಾಠಶಾಲೆಯಲ್ಲಿ ನಾವು ಓದುತ್ತಿದ್ದ ದಿನಗಳಲ್ಲಿ ವಿದ್ಯಾರ್ಥಿಗಳಿಗೆ ಊರಿನಿಂದ ಹತ್ತೋ ಹದಿನೈದೋ ರೂಪಾಯಿ ಬಂದಾಗ, ಹಣಕ್ಕಿಂತ ಮೊದಲು ಆ ನಾಲ್ಕು ಸಾಲುಗಳನ್ನು ಓದುವ ಆತುರ ಎಲ್ಲರಿಗೂ ಇರುತ್ತಿತ್ತು. ‘ಮಳೆ ಆಗಿದೆ, ಎಮ್ಮೆ ಈದಿದೆ, ಅಭ್ಯಾಸ ಚೆನ್ನಾಗಿ ಮಾಡು’ ಎಂಬ ಅಕ್ಷರಗಳು ಹಣದೊಡನೆಯೇ ಬಂದು ಕೈಸೇರುತ್ತಿದ್ದವು.

ಆದರೆ ಅಂಚೆಯ ಆ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಕೆಲವು ಅಂಶಗಳಿದ್ದವು. ಅಂಚೆಯವನು ಕಾಯಿದೆಗೆ ಒಳಪಟ್ಟ ಸರಕಾರಿ ನೌಕರನಾಗಿದ್ದನು. ಮುಖ ಕಂಡು, ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಪಡೆದು ಹಣ ಕೊಡುತ್ತಿದ್ದನು. ಕಳುಹಿಸಿದವರಿಗೆ ರಸೀದಿಯೂ ಹಣ ಮುಟ್ಟಿದ ಸ್ವೀಕೃತಿಯೂ ದೊರೆಯುತ್ತಿದ್ದವು. ಯಾರ ಮನೆಗೆ ಎಷ್ಟು ಹಣ ಬಂದಿತೆಂಬುದನ್ನು ಲೆಕ್ಕ ಹಾಕಿ ಆ ಮನೆಗೆ ವ್ಯಾಪಾರಿಗಳನ್ನು ಕಳುಹಿಸುವುದು ಅವನ ಉದ್ಯೋಗವಾಗಿರಲಿಲ್ಲ. ಆದುದರಿಂದ ಮಾತು ಮತ್ತು ಹಣ ಕೂಡಿ ಸಾಗಬಾರದೆಂದು ಹಟ ಹಿಡಿಯುವುದು ಸರಿಯಲ್ಲ. ಅವು ಯಾರ ಕೈಯಲ್ಲಿ, ಯಾವ ಕಟ್ಟಳೆಯಲ್ಲಿ ಸಾಗುತ್ತವೆ ಎಂಬುದೇ ಇಲ್ಲಿ ಮುಖ್ಯವಾದುದು.

ಚೀನದ ಕೆಂಪು ಲಕೋಟೆ

ಮಾತಿನ ತೆರೆಯಲ್ಲಿ ಹಣವನ್ನು ವ್ಯಾಪಕವಾಗಿ ಬೆಸೆದವರಲ್ಲಿ ಚೀನದೇಶದವರು ಮೊದಲಿಗರು. ಅಲ್ಲಿ 2011ರಲ್ಲಿ ವೀಚಾಟ್ ಎಂಬ ಸಂದೇಶ ಸಾಧನವು ಬಳಕೆಗೆ ಬಂದಿತು. 2013ರಲ್ಲಿ ಅದಕ್ಕೆ ಹಣ ಪಾವತಿಯ ಸೌಲಭ್ಯ ಸೇರಿತು. ನಮ್ಮಲ್ಲಿ ಮದುವೆಯ ಮುಯ್ಯಿ, ಹಬ್ಬದ ಉಡುಗೊರೆಗಳಿರುವಂತೆ, ಹೊಸವರ್ಷದ ದಿನ ಹಿರಿಯರು ಕಿರಿಯರಿಗೆ ಕೆಂಪು ಲಕೋಟೆಯಲ್ಲಿ ಹಣವಿಟ್ಟು ಕೊಡುವ ಸಂಪ್ರದಾಯ ಆ ದೇಶದಲ್ಲಿದೆ. 2014ರ ಚೀನೀ ಹೊಸವರ್ಷಕ್ಕೆ ವೀಚಾಟ್ ಈ ಲಕೋಟೆಯನ್ನೇ ಮೊಬೈಲಿನಲ್ಲಿ ತಂದಿಟ್ಟಿತು. ಉಡುಗೊರೆ ಕೊಡುವ ಉತ್ಸಾಹದಲ್ಲಿ ಅಸಂಖ್ಯ ಜನರು ತಮ್ಮ ಬ್ಯಾಂಕ್ ಖಾತೆಗಳನ್ನು ಅದಕ್ಕೆ ಜೋಡಿಸಿದರು. ಕೆಲವೇ ವರ್ಷಗಳಲ್ಲಿ ಚೀನದ ಮೊಬೈಲ್ ಪಾವತಿಯ ಬಹುಪಾಲು ವೀಚಾಟ್ ಮತ್ತು ಅಲಿಪೇ ಎಂಬ ಎರಡೇ ಕೈಗಳಲ್ಲಿ ಬಂದು ನಿಂತಿತು.

ಜನರು ಆ ಕಂಪನಿಗಳ ಹಣದ ಚೀಲಗಳಲ್ಲಿ ಇರಿಸಿದ ಮೊತ್ತವು ಕಂಪನಿಗಳ ವಶದಲ್ಲಿಯೇ ಶೇಖರವಾಗುತ್ತಿತ್ತು. ಕೊನೆಗೆ ಅಲ್ಲಿಯ ಕೇಂದ್ರ ಬ್ಯಾಂಕು ಮಧ್ಯೆ ಪ್ರವೇಶಿಸಿ, ಗ್ರಾಹಕರ ಆ ಹಣವನ್ನೆಲ್ಲ ತನ್ನಲ್ಲಿಯೇ ಇರಿಸಬೇಕೆಂದು ವಿಧಿಸಿ, 2019ರ ಜನವರಿಯೊಳಗೆ ಆ ಕ್ರಮವನ್ನು ಪೂರ್ಣಗೊಳಿಸಿತು. ಪ್ರೀತಿಯ ಉಡುಗೊರೆಯಿಂದ ಆರಂಭವಾದುದು ಐದೇ ವರ್ಷಗಳಲ್ಲಿ ಪ್ರಬಲವಾದ ಸರಕಾರವೊಂದು ಚಿಂತಿಸಬೇಕಾದಷ್ಟು ಬೆಳೆಯಿತೆಂಬುದು ವಿಚಾರಾರ್ಹವಾಗಿದೆ.

ಇತರ ದೇಶಗಳೂ ಇದೇ ಕಾರಣದಿಂದ ಎಚ್ಚರ ವಹಿಸಿದವು. ಬ್ರಜಿಲ್ ದೇಶದಲ್ಲಿ 2020ರ ಜೂನ್ 15ರಂದು ವಾಟ್ಸ್‌ಆ್ಯಪ್ ಹಣ ವರ್ಗಾವಣೆಯನ್ನು ಆರಂಭಿಸಿದಾಗ ಎಂಟೇ ದಿನಗಳಲ್ಲಿ ಅಲ್ಲಿಯ ಕೇಂದ್ರ ಬ್ಯಾಂಕು ಅದನ್ನು ತಡೆಹಿಡಿಯಿತು. ಮುಂದಿನ ವರ್ಷವಷ್ಟೇ ಅನುಮತಿ ದೊರೆಯಿತು. ಫೇಸ್‌ಬುಕ್ ಸಂಸ್ಥೆಯು 2019ರಲ್ಲಿ ‘ಲಿಬ್ರಾ’ ಎಂಬ ಸ್ವತಂತ್ರ ನಾಣ್ಯವನ್ನೇ ತರುವ ಯೋಜನೆಯನ್ನು ಪ್ರಕಟಿಸಿದಾಗ ಹಲವು ರಾಷ್ಟ್ರಗಳು ಪ್ರಬಲವಾಗಿ ವಿರೋಧಿಸಿದವು. ಹೆಸರು ಬದಲಿಸಿಕೊಂಡರೂ ಆ ಯೋಜನೆ ನಡೆಯದೆ 2022ರಲ್ಲಿ ಮುಗಿದುಹೋಯಿತು.

ನಮ್ಮ ದೇಶದ ವ್ಯವಸ್ಥೆ

ಭಾರತದಲ್ಲಿ ಈ ವಿಷಯ ಬೇರೊಂದು ದಾರಿಯಲ್ಲಿ ನಡೆದಿದೆ. 2016ರ ಏಪ್ರಿಲ್ ತಿಂಗಳಲ್ಲಿ ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ರಘುರಾಮ್ ರಾಜನ್ ಅವರು ಯುಪಿಐ ವ್ಯವಸ್ಥೆಗೆ ಚಾಲನೆ ನೀಡಿದರು. ಇದನ್ನು ನಡೆಸುವುದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ. ಈ ವ್ಯವಸ್ಥೆಯಲ್ಲಿ ನಮ್ಮ ಹಣವು ಕಂಪನಿಯ ಚೀಲವನ್ನು ಸೇರುವುದಿಲ್ಲ. ನಮ್ಮ ಬ್ಯಾಂಕಿನಿಂದ ಹೊರಟು ನೇರವಾಗಿ ಇನ್ನೊಬ್ಬರ ಬ್ಯಾಂಕನ್ನು ತಲುಪುತ್ತದೆ. ಫೋನ್‌ಪೇ, ಗೂಗಲ್ ಪೇ, ವಾಟ್ಸ್‌ಆ್ಯಪ್ ಮೊದಲಾದವು ‘ಇಂಥವರಿಗೆ ಇಷ್ಟು ಕೊಡು’ ಎಂಬ ಆಜ್ಞೆಯನ್ನು ಮಾತ್ರ ಒಯ್ಯುತ್ತವೆ. ನಾವು ಒತ್ತುವ ಗುಪ್ತಸಂಖ್ಯೆಯೂ ಗೂಢಲಿಪಿಯಲ್ಲಿ ಬ್ಯಾಂಕಿಗೆ ಹೋಗುತ್ತದೆಯೇ ಹೊರತು ಆ ಕಂಪನಿಗಳಿಗೆ ಕಾಣುವುದಿಲ್ಲ. ಚೀನದ ಪದ್ಧತಿಗಿಂತ ಇದು ಮೇಲಾದುದೆಂಬುದರಲ್ಲಿ ಸಂದೇಹವಿಲ್ಲ.

ವಾಟ್ಸ್‌ಆ್ಯಪ್ 2018ರ ಫೆಬ್ರುವರಿಯಲ್ಲಿ ಪ್ರಾಯೋಗಿಕವಾಗಿ ಈ ಸೌಲಭ್ಯವನ್ನು ನಮ್ಮಲ್ಲಿ ತಂದಿತು. ಅದೇ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು, ಪಾವತಿಯ ವಿವರಗಳೆಲ್ಲ ಭಾರತದಲ್ಲಿಯೇ ಶೇಖರವಾಗಬೇಕೆಂದು ಆಜ್ಞೆ ಹೊರಡಿಸಿತು. ಎರಡೂವರೆ ವರ್ಷಗಳಿಗೂ ಹೆಚ್ಚು ಕಾಲ ಕಾದ ಮೇಲೆ, 2020ರ ನವೆಂಬರ್ 5ರಂದು, ಮೊದಲಿಗೆ 2 ಕೋಟಿ ಬಳಕೆದಾರರ ಮಿತಿಯೊಡನೆ ಅನುಮತಿ ದೊರೆಯಿತು. ಆ ಮಿತಿ 2021ರಲ್ಲಿ 4 ಕೋಟಿಗೂ 2022ರಲ್ಲಿ 10 ಕೋಟಿಗೂ ಏರಿ, 2024ರ ಡಿಸೆಂಬರ್ 31ರಂದು ಸಂಪೂರ್ಣವಾಗಿ ತೆಗೆದುಹಾಕಲ್ಪಟ್ಟಿತು. ಹೀಗೆ ಸುಮಾರು 50 ಕೋಟಿ ಭಾರತೀಯರು ಬಳಸುವ ಸಂದೇಶ ಸಾಧನಕ್ಕೆ ಹಣದ ಬಾಗಿಲು ಪೂರ್ಣವಾಗಿ ತೆರೆದಂತಾಯಿತು. ಆದರೂ ಜನರು ಆ ಬಾಗಿಲಿನಲ್ಲಿ ಹೆಚ್ಚಾಗಿ ಓಡಾಡಿಲ್ಲ. 2025ರ ಆಗಸ್ಟ್ ತಿಂಗಳೊಂದರಲ್ಲಿಯೇ ಯುಪಿಐ ಮೂಲಕ 2,000 ಕೋಟಿಗೂ ಮಿಕ್ಕಿ ವ್ಯವಹಾರಗಳು ನಡೆದವು. ಅವುಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಫೋನ್‌ಪೇ ಮತ್ತು ಗೂಗಲ್ ಪೇ ಮೂಲಕವೇ ಆದವು. ವಾಟ್ಸ್‌ಆ್ಯಪಿನ ಪಾಲು ಅತ್ಯಲ್ಪವಾಗಿತ್ತು. ಮಾತಿಗೆ ಒಂದು ಸ್ಥಳ, ಹಣಕ್ಕೆ ಇನ್ನೊಂದು ಸ್ಥಳ ಎಂಬ ಹಳೆಯ ಸಂಸ್ಕಾರ ಜನರಲ್ಲಿ ಇನ್ನೂ ಉಳಿದಿರಬಹುದೆಂದು ನಮಗೆ ತೋರುತ್ತದೆ.

ಪ್ರಯೋಜನವನ್ನು ಅಲ್ಲಗಳೆಯಲಾಗದು

ಈ ಸೌಲಭ್ಯದಿಂದ ಉಪಕಾರವೇ ಇಲ್ಲವೆಂದು ಹೇಳುವುದು ಅನ್ಯಾಯವಾದೀತು. ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ದುಡಿಯುವ ಮಗನು ಊರಿನ ತಾಯಿಗೆ ಔಷಧದ ಹಣ ಕಳುಹಿಸಬೇಕಾದಾಗ, ತಾಯಿಯೊಡನೆ ಮಾತನಾಡುವ ತೆರೆಯಿಂದಲೇ ಅದು ಸಾಧ್ಯವಾದರೆ ಅಪರಿಚಿತ ಸಂಖ್ಯೆಗೆ ತಪ್ಪಿ ಹೋಗುವ ಭಯ ಕಡಿಮೆ. ಮನೆಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಹಪ್ಪಳಗಳನ್ನು ಮಾಡಿ ಮಾರುವ ತಾಯಂದಿರು ಇಂದು ವಾಟ್ಸ್‌ಆ್ಯಪಿನಲ್ಲಿಯೇ ಬೇಡಿಕೆ ಪಡೆಯುತ್ತಾರೆ. ಬೇಡಿಕೆ, ಬೆಲೆ, ಹಣ ಮುಟ್ಟಿದ ವಿವರ ಎಲ್ಲವೂ ಒಂದೇ ಕಡೆ ದಾಖಲಾದರೆ ಅವರಿಗೆ ಅನುಕೂಲವೇ. ಒಂದು ಸಾಧನದ ಬಳಕೆಯನ್ನು ಬಹು ಕಷ್ಟದಿಂದ ಕಲಿತ ವೃದ್ಧರಿಗೆ ಇನ್ನೊಂದನ್ನು ಕಲಿಯುವ ಹೊರೆ ತಪ್ಪುತ್ತದೆ. ಇವೆಲ್ಲ ನಿಜವಾದ ಪ್ರಯೋಜನಗಳು.

ಉಪನಿಧಿ ಮತ್ತು ನಿಕ್ಷೇಪ

ಇಲ್ಲಿ ನಮ್ಮ ನಾಡಿನ ಶಾಸ್ತ್ರಕಾರನೊಬ್ಬನನ್ನು ಸ್ಮರಿಸುವುದು ಉಚಿತವೆನಿಸುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆಸ್ತಿಯ ಹಕ್ಕಿನ ವಿಷಯದಲ್ಲಿ ಆ ಗ್ರಂಥದ ಕೀರ್ತಿ ದೊಡ್ಡದು. ಆದರೆ ಇನ್ನೊಬ್ಬರಲ್ಲಿ ನಂಬಿ ಇರಿಸಿದ ವಸ್ತುವಿನ ಬಗೆಗೂ ಅಲ್ಲಿ ಸೂಕ್ಷ್ಮವಾದ ವಿವೇಚನೆಯುಂಟು. ಪೆಟ್ಟಿಗೆಯಲ್ಲಿಟ್ಟು, ಒಳಗೆ ಏನಿದೆಯೆಂದು ಹೇಳದೆ, ಮುದ್ರೆಯೊತ್ತಿ ಇನ್ನೊಬ್ಬರ ಕೈಗೊಪ್ಪಿಸಿದ್ದು ‘ಉಪನಿಧಿ’. ಎದುರಿನಲ್ಲಿ ಎಣಿಸಿ ತೋರಿಸಿ ಒಪ್ಪಿಸಿದ್ದು ‘ನಿಕ್ಷೇಪ’. ಎರಡೂ ನಂಬಿಕೆಯ ಮೇಲೆ ಇರಿಸಿದವುಗಳೇ. ಆದರೆ ಒಂದರ ಒಳಗನ್ನು ಇಟ್ಟುಕೊಂಡವನು ಅರಿಯನು, ಇನ್ನೊಂದರ ಲೆಕ್ಕವನ್ನು ಅವನು ಅರಿತಿದ್ದಾನೆ.

ಸಾವಿರ ವರ್ಷಗಳಷ್ಟು ಹಿಂದಿನ ಈ ವಿಂಗಡಣೆ ಇಂದಿನ ಪ್ರಶ್ನೆಗೆ ಕನ್ನಡಿ ಹಿಡಿಯುತ್ತದೆ. ವಾಟ್ಸ್‌ಆ್ಯಪಿನಲ್ಲಿ ನಾವು ಕಳುಹಿಸುವ ಸಂದೇಶಗಳಿಗೆ 2016ರಿಂದ ಗೂಢಲಿಪಿಯ ಮುದ್ರೆ ಬಿದ್ದಿದೆ. ಕಳುಹಿಸಿದವರಿಗೂ ಪಡೆದವರಿಗೂ ಹೊರತು ನಡುವಿನವರಿಗೆ, ಕಂಪನಿಗೆ ಕೂಡ, ಅದರ ಒಳಗು ಕಾಣದು. ಅದು ಉಪನಿಧಿ. ಹಣದ ವಿಷಯ ಹಾಗಲ್ಲ. ಯಾರಿಂದ ಯಾರಿಗೆ ಎಷ್ಟು ಹಣ ಹೋಗಬೇಕೆಂಬುದು ಬ್ಯಾಂಕುಗಳಿಗೆ ತಿಳಿಯದೆ ವ್ಯವಹಾರ ನಡೆಯದು. ಆದುದರಿಂದ ಪಾವತಿಯ ವಿವರಕ್ಕೆ ಸಂದೇಶದಂಥ ಮುದ್ರೆಯನ್ನು ಒತ್ತಲು ಬರುವುದಿಲ್ಲ. ಅದು ನಿಕ್ಷೇಪ. ಒಂದೇ ತೆರೆಯ ಮೇಲೆ, ಒಂದರ ಕೆಳಗೊಂದು, ಮುದ್ರೆಯಿರುವುದೂ ಮುದ್ರೆಯಿಲ್ಲದುದೂ ಕಾಣುತ್ತವೆ. ಸಾಮಾನ್ಯ ಬಳಕೆದಾರನಿಗೆ ಎರಡೂ ಒಂದೇ ಎಂಬ ಭ್ರಾಂತಿಯುಂಟಾಗುವುದು ಸಹಜ.

ಹಣದ ಜಾಡು ಎಷ್ಟು ಸ್ಪಷ್ಟವಾಗಿ ಉಳಿಯುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2025ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಲೆಕ್ಕವನ್ನಾಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟೀಸು ನೀಡಿದಾಗ, ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ತೆರಿಗೆಯ ನ್ಯಾಯಾನ್ಯಾಯ ಬೇರೆ ವಿಷಯ. ಸರಕಾರವು ಕಾಯಿದೆಯ ಮೂಲಕ ನೋಡುವ ಲೆಕ್ಕಕ್ಕೆ ಉತ್ತರ ಕೇಳುವ ನ್ಯಾಯಾಲಯಗಳಾದರೂ ಇವೆ. ಖಾಸಗಿ ಕಂಪನಿಯೊಂದು ಅದೇ ಲೆಕ್ಕವನ್ನು ನೋಡುತ್ತ ಕುಳಿತರೆ ನಮಗೆ ಅದರ ಅರಿವೇ ಆಗದೆ ಹೋಗಬಹುದು.

ಉಚಿತವೆಂಬುದರ ಒಳಗುಟ್ಟು

ಯುಪಿಐ ಮೂಲಕ ವ್ಯಕ್ತಿಗಳು ಪರಸ್ಪರ ಹಣ ಕಳುಹಿಸಿದರೆ ಶುಲ್ಕವಿಲ್ಲ. ಬ್ಯಾಂಕ್ ಖಾತೆಯಿಂದ ಅಂಗಡಿಗೆ ಹಣ ಕೊಟ್ಟಾಗ ಅಂಗಡಿಯವನಿಂದ ವಸೂಲು ಮಾಡುವ ಶುಲ್ಕವನ್ನೂ 2020ರ ಜನವರಿಯಿಂದ ರದ್ದುಪಡಿಸಲಾಯಿತು. ಹೀಗಿರುವಾಗ ಸಾಮಾಜಿಕ ಮಾಧ್ಯಮದ ಕಂಪನಿಯೊಂದು ಇಷ್ಟು ಖರ್ಚು ಮಾಡಿ, ಇಷ್ಟು ವರ್ಷ ಕಾದು, ಲಾಭವಿಲ್ಲದ ಸೌಲಭ್ಯವನ್ನು ಏಕೆ ಕೊಡುತ್ತದೆ? ಈ ಪ್ರಶ್ನೆಯನ್ನು ವಾಚಕರು ತಮಗೆ ತಾವೇ ಕೇಳಿಕೊಳ್ಳಬೇಕು. ಇಂಥ ಕಂಪನಿಗಳ ಆದಾಯದ ಮೂಲ ಜಾಹೀರಾತು. ಯಾರು ಏನನ್ನು ಮಾತನಾಡುತ್ತಾರೆಂಬುದಕ್ಕಿಂತ ಯಾರು ಯಾವುದಕ್ಕೆ ನಿಜವಾಗಿ ಹಣ ಕೊಡುತ್ತಾರೆಂಬುದು ಜಾಹೀರಾತುದಾರನಿಗೆ ಹೆಚ್ಚು ಬೆಲೆಯುಳ್ಳ ಸುದ್ದಿ.

ಈ ಅನುಮಾನ ನಿರಾಧಾರವಾದುದಲ್ಲ. ವಾಟ್ಸ್‌ಆ್ಯಪ್ 2021ರಲ್ಲಿ ತನ್ನ ಗೋಪ್ಯತೆಯ ನಿಯಮಗಳನ್ನು ಬದಲಿಸಿ, ಬಳಕೆದಾರರ ವಿವರಗಳನ್ನು ತನ್ನ ಒಡೆತನದ ಸಂಸ್ಥೆಯೊಡನೆ ಹಂಚಿಕೊಳ್ಳಲು ಒಪ್ಪುವಂತೆ ಕೇಳಿದ ವಿಷಯದಲ್ಲಿ, ಭಾರತೀಯ ಸ್ಪರ್ಧಾ ಆಯೋಗವು 2024ರ ನವೆಂಬರ್‌ನಲ್ಲಿ ಮೆಟಾ ಸಂಸ್ಥೆಗೆ 213.14 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಸಂಸ್ಥೆಯು ಇದರ ವಿರುದ್ಧ ಮೇಲ್ಮನವಿ ಸಲ್ಲಿಸಿತು. ಒಪ್ಪಿಗೆ ಎಂಬುದು ನಿಜವಾದ ಒಪ್ಪಿಗೆಯಾಗಿರಬೇಕಾದರೆ ಒಲ್ಲೆನೆನ್ನುವ ಸ್ವಾತಂತ್ರ್ಯವೂ ಇರಬೇಕೆಂಬುದು ಈ ಪ್ರಕರಣದ ಒಳತಿರುಳು.

ಈ ಪ್ರಸಂಗಕ್ಕೂ ಯಾಜ್ಞವಲ್ಕ್ಯನಲ್ಲಿ ಒಂದು ಕಟ್ಟಳೆಯುಂಟು. ನಂಬಿ ಇರಿಸಿದ ವಸ್ತುವು ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ನಷ್ಟವಾದರೆ ಇಟ್ಟುಕೊಂಡವನು ಅದನ್ನು ಕಟ್ಟಿಕೊಡಬೇಕಾಗಿಲ್ಲ. ಆದರೆ ಅದನ್ನು ತನ್ನ ಇಚ್ಛೆಯಂತೆ ಬಳಸಿಕೊಂಡು ಜೀವನ ಸಾಗಿಸಿದರೆ ಅವನು ದಂಡನೆಗೆ ಅರ್ಹನು. ವಸ್ತುವನ್ನು ವೃದ್ಧಿಸಹಿತ ಹಿಂದಿರುಗಿಸಬೇಕು. ನಮ್ಮ ಹಣದ ಸುದ್ದಿಯನ್ನು ಒಯ್ಯಲು ಒಪ್ಪಿಕೊಂಡವನು ಅದೇ ಸುದ್ದಿಯಿಂದ ತನ್ನ ಉಪಜೀವನ ಮಾಡಿಕೊಂಡರೆ ಅವನನ್ನು ಯಾವ ಪಂಕ್ತಿಯಲ್ಲಿ ಕೂಡಿಸಬೇಕೆಂಬುದು ಸ್ಪಷ್ಟವಾಗಿಯೇ ಇದೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಗೋಪ್ಯತೆಯನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯೂ ಬಂದಿತು. ಶಾಸ್ತ್ರದ ಆ ಹಳೆಯ ಕಟ್ಟಳೆ ಈಗ ಹೊಸ ಕಾಯಿದೆಯ ಭಾಷೆಯಲ್ಲಿ ಮರಳಿ ಬಂದಿದೆ. ಅದನ್ನು ಆಚರಣೆಗೆ ತರುವ ಕೆಲಸ ಬಾಕಿಯಿದೆ.

ನಂಬಿಕೆಗೆ ಬಿದ್ದ ಕನ್ನ

ಗೋಪ್ಯತೆಗಿಂತಲೂ ಕುಟುಂಬಗಳನ್ನು ನೇರವಾಗಿ ತಟ್ಟುವ ಇನ್ನೊಂದು ಸಂಗತಿಯಿದೆ. ಅದು ವಂಚನೆ. ಕೇಂದ್ರ ಗೃಹ ಸಚಿವಾಲಯವು ಸಂಸತ್ತಿಗೆ ತಿಳಿಸಿದಂತೆ 2024ನೆಯ ಒಂದೇ ವರ್ಷದಲ್ಲಿ ಸೈಬರ್ ವಂಚನೆಯಿಂದ ನಮ್ಮ ದೇಶದ ಜನರು ಕಳೆದುಕೊಂಡ ಹಣ 22,845 ಕೋಟಿ ರೂಪಾಯಿ. ಹಿಂದಿನ ವರ್ಷ ಅದು 7,465 ಕೋಟಿ ಆಗಿತ್ತು. ಇದೆಲ್ಲವೂ ಸಾಮಾಜಿಕ ಮಾಧ್ಯಮದಿಂದಲೇ ಆದುದೆಂದು ಹೇಳಲಾಗದು. ಆದರೆ ವಂಚಕನು ಮನೆಯೊಳಗೆ ಕಾಲಿಡುವುದು ಬಹುಮಟ್ಟಿಗೆ ಮಾತಿನ ಬಾಗಿಲಿನಿಂದಲೇ.

ನಮ್ಮ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಒಂದು ರಾತ್ರಿ ಅವರ ಹಳೆಯ ಸಹೋದ್ಯೋಗಿಯ ಹೆಸರಿನಿಂದ ಸಂದೇಶ ಬಂದಿತು. ಮೊಮ್ಮಗನನ್ನು ಆಸ್ಪತ್ರೆಗೆ ಸೇರಿಸಿದೆ, ತುರ್ತಾಗಿ ನಲವತ್ತು ಸಾವಿರ ಬೇಕಾಗಿದೆ, ಬೆಳಗಾದೊಡನೆ ಹಿಂದಿರುಗಿಸುತ್ತೇನೆ ಎಂದು ಅದರಲ್ಲಿತ್ತು. ಹೆಸರು ಅವರದೇ, ಭಾವಚಿತ್ರ ಅವರದೇ. ಉಪಾಧ್ಯಾಯರು ಮರುಮಾತಿಲ್ಲದೆ ಹಣ ಕಳುಹಿಸಿದರು. ಆ ಸಹೋದ್ಯೋಗಿಯಾದರೋ ಮನೆಯಲ್ಲಿ ನೆಮ್ಮದಿಯಿಂದ ಮಲಗಿದ್ದರು. ಅವರ ವಾಟ್ಸ್‌ಆ್ಯಪ್ ಖಾತೆಯನ್ನು ಯಾರೋ ಕದ್ದಿದ್ದರು. ಕಳ್ಳನು ತನ್ನ ಮೊಬೈಲಿನಲ್ಲಿ ನಮ್ಮ ಸಂಖ್ಯೆಯನ್ನು ನೋಂದಾಯಿಸಲು ಯತ್ನಿಸಿದಾಗ ಆರು ಅಂಕಿಗಳ ಸಂಕೇತವೊಂದು ನಮಗೆ ಬರುತ್ತದೆ. ಏನಾದರೊಂದು ನೆಪ ಹೇಳಿ ಅದನ್ನು ನಮ್ಮಿಂದ ಕೇಳಿ ಪಡೆದರೆ ಖಾತೆ ಅವನದಾಗುತ್ತದೆ. ಈಚೆಗಂತೂ ಬಂಧುಗಳ ಕಂಠವನ್ನೇ ಯಂತ್ರದಿಂದ ಅನುಕರಿಸುವ ವಿದ್ಯೆಯೂ ವಂಚಕರ ಕೈಸೇರಿದೆ.

ಆ ಉಪಾಧ್ಯಾಯರು ನಮ್ಮೊಡನೆ ಹೇಳಿದ ಮಾತು ಇದು: “ಹೋದ ಹಣದ ಚಿಂತೆ ನನಗಿಲ್ಲ. ಆದರೆ ಈಗ ನಿಜವಾಗಿಯೂ ಕಷ್ಟದಲ್ಲಿರುವವರು ಕೇಳಿದರೂ ಕೊಡಲು ಕೈ ಬರುತ್ತಿಲ್ಲ. ಮೊದಲು ಅನುಮಾನ ಬರುತ್ತದೆ.” ನಲವತ್ತು ಸಾವಿರವನ್ನು ಮತ್ತೆ ಗಳಿಸಬಹುದು. ಕೇಳಿದ ಕೂಡಲೆ ಕೊಡುವ ಕೈಯೊಂದು ಹಿಂಜರಿಯತೊಡಗಿದರೆ ಅದರಿಂದ ಸಮಾಜಕ್ಕಾಗುವ ನಷ್ಟಕ್ಕೆ ಲೆಕ್ಕವಿಲ್ಲ. ಆ ಇಬ್ಬರು ಹಿರಿಯರೂ ಈಗ ಎದುರಾದಾಗ ಮೊದಲಿನಂತೆ ಮಾತನಾಡುತ್ತಿಲ್ಲವೆಂಬುದನ್ನೂ ನಾವು ಬಲ್ಲೆವು.

ಇಲ್ಲಿಯೇ ಮೂಲ ಪ್ರಶ್ನೆ ತೀಕ್ಷ್ಣವಾಗುತ್ತದೆ. ಅಪರಿಚಿತನೊಡನೆ ವ್ಯವಹರಿಸುವಾಗ ನಾವು ಎಚ್ಚರದಿಂದಿರುತ್ತೇವೆ. ಬಂಧುಗಳೊಡನೆ ಮಾತನಾಡುವ ತೆರೆಯ ಮುಂದೆ ಮನಸ್ಸು ಮೆತ್ತಗಾಗಿರುತ್ತದೆ. ಆ ಮೆತ್ತಗಾದ ಗಳಿಗೆಯಲ್ಲಿಯೇ, ಅದೇ ತೆರೆಯಲ್ಲಿಯೇ, ಹಣವೂ ಒಂದೇ ಒತ್ತಿನಲ್ಲಿ ಹೋಗುವಂತಾದರೆ ಎಚ್ಚರಗೊಳ್ಳಲು ಸಮಯವೆಲ್ಲಿ? ಬೇರೊಂದು ಸಾಧನವನ್ನು ತೆರೆದು ಹಣ ಕಳುಹಿಸುವ ತೊಡಕು ಜಗುಲಿಯಿಂದ ಪೆಟ್ಟಿಗೆಯವರೆಗಿನ ಹೆಜ್ಜೆಗಳಂತೆ ನಮ್ಮನ್ನು ಕೆಲವು ಕ್ಷಣ ಕಾಯುತ್ತದೆ.

ಇರಲಿ, ಆದರೆ ಬೇರೆ ಬೀಗವಿರಲಿ

ಇಷ್ಟೆಲ್ಲ ವಿಚಾರಿಸಿದ ಮೇಲೆ, ಈ ಸೌಲಭ್ಯವನ್ನು ನಿಷೇಧಿಸಬೇಕೆಂದು ನಾವು ಹೇಳುವುದಿಲ್ಲ. ನಿಷೇಧದಿಂದ ವಂಚನೆ ನಿಲ್ಲದು. ರೊಟ್ಟಿ ಮಾರುವ ತಾಯಿಗೆ ಮಾತ್ರ ತೊಂದರೆಯಾದೀತು. ಆದರೆ ಉಪನಿಧಿಯನ್ನೂ ನಿಕ್ಷೇಪವನ್ನೂ ಒಂದೇ ಕೈ ಹಿಡಿಯುವುದಾದರೆ ಆ ಕೈಗೆ ಇಮ್ಮಡಿ ಹೊಣೆಯಿರಬೇಕು.

ಮೊದಲನೆಯದಾಗಿ, ಹಣದ ಸೌಲಭ್ಯವು ಬಳಕೆದಾರನು ತಾನಾಗಿ ಕೇಳುವವರೆಗೆ ಮುಚ್ಚಿರಬೇಕು. ಅದು ಬೇಡವೆಂದವರಿಗೆ ಮಾತಿನ ಸೌಲಭ್ಯದಲ್ಲಿ ಯಾವ ಕೊರತೆಯೂ ಆಗಬಾರದು.

ಎರಡನೆಯದಾಗಿ, ಮೊದಲ ಬಾರಿಗೆ ಒಬ್ಬರಿಗೆ ದೊಡ್ಡ ಮೊತ್ತ ಹೋಗುವಾಗ, ಹಿಂದೆ ಪಡೆಯಲು ಸಾಧ್ಯವಾಗುವಂತೆ ಕೆಲವು ಗಂಟೆಗಳ ತಡೆಯಿರಬೇಕು. ವೇಗಕ್ಕಿಂತ ಸುರಕ್ಷೆ ಮೇಲೆಂಬ ತತ್ತ್ವವನ್ನು ನಮ್ಮ ಅಧಿಕಾರಿಗಳು ಈಗಾಗಲೇ ಒಪ್ಪಿಕೊಂಡಿದ್ದಾರೆ. ಹಣ ಪಡೆಯುವವರ ಹೆಸರು ಬ್ಯಾಂಕಿನ ದಾಖಲೆಯಲ್ಲಿರುವಂತೆಯೇ ತೆರೆಯಲ್ಲಿ ಕಾಣಬೇಕೆಂದು 2025ರಲ್ಲಿ ಪಾವತಿ ನಿಗಮವು ವಿಧಿಸಿತು. ವ್ಯಕ್ತಿಗಳು ಪರಸ್ಪರ ಹಣ ಕೋರುವ ಯುಪಿಐ ಸೌಲಭ್ಯವು ವಂಚಕರ ಸಾಧನವಾದುದರಿಂದ 2025ರ ಅಕ್ಟೋಬರ್ 1ರಿಂದ ಅದನ್ನು ನಿಲ್ಲಿಸಿತು. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಡುವುದು ಅಸಾಧ್ಯವೇನಲ್ಲ.

ಮೂರನೆಯದಾಗಿ, ಪಾವತಿಯ ವಿವರವನ್ನು ಪಾವತಿಯ ಹೊರತು ಬೇರಾವ ಉದ್ದೇಶಕ್ಕೂ, ಬಳಕೆದಾರನ ಪ್ರತ್ಯೇಕ ಒಪ್ಪಿಗೆಯಿಲ್ಲದೆ, ಬಳಸಕೂಡದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ನಿಯಮದಂತೆ, ಬ್ಯಾಂಕಿನದೂ ಗ್ರಾಹಕನದೂ ಅಲ್ಲದ ತಪ್ಪಿನಿಂದ, ಅವನ ಅನುಮತಿಯಿಲ್ಲದೆ ಹಣ ಹೋದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವನ ಪಾಲಿಗೆ ಬರುವುದಿಲ್ಲ. ಆದರೆ ಮೇಲೆ ಹೇಳಿದ ಉಪಾಧ್ಯಾಯರಂಥವರು ಮೋಸಹೋಗಿ ತಾವೇ ಗುಪ್ತಸಂಖ್ಯೆಯನ್ನು ಒತ್ತಿರುತ್ತಾರೆ. ಅವರಿಗೆ ಈ ನೆರಳು ದಕ್ಕುವುದಿಲ್ಲ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್‌ನಿಂದ ಇಂಥ ಮೋಸಕ್ಕೆ ಸಿಕ್ಕವರಿಗೂ ಮಿತಿಯೊಳಗೆ ಹಣ ಹಿಂದಿರುಗಿಸಬೇಕೆಂಬ ನಿಯಮವಿದೆ. ಕಳುಹಿಸಿದ ಸಂಸ್ಥೆಯೂ ಪಡೆದ ಸಂಸ್ಥೆಯೂ ಅದನ್ನು ಸಮನಾಗಿ ಹೊರಬೇಕು. ಆಸ್ಟ್ರೇಲಿಯವು 2025ರಲ್ಲಿ ಮಾಡಿದ ಕಾಯಿದೆಯು ಬ್ಯಾಂಕುಗಳೊಡನೆ ದೂರವಾಣಿ ಕಂಪನಿಗಳನ್ನೂ ಸಾಮಾಜಿಕ ಮಾಧ್ಯಮಗಳನ್ನೂ ವಂಚನೆ ತಡೆಯುವ ಹೊಣೆಗೆ ಒಳಪಡಿಸಿದೆ. ಮಾತನ್ನೂ ಹಣವನ್ನೂ ಒಯ್ಯುವ ಸಂಸ್ಥೆಯು ‘ನಾವು ಕೇವಲ ದಾರಿ’ ಎಂದು ಕೈ ತೊಳೆದುಕೊಳ್ಳಲು ನಮ್ಮಲ್ಲಿಯೂ ಅವಕಾಶವಿರಬಾರದು.

ಮನೆಯಲ್ಲಿ ಆಗಬೇಕಾದುದು

ಕಾಯಿದೆ ಬರುವವರೆಗೆ ಕುಟುಂಬಗಳು ಕಾದು ಕುಳಿತಿರಲಾಗದು. ಮೊಬೈಲಿಗೆ ಜೋಡಿಸುವ ಬ್ಯಾಂಕ್ ಖಾತೆಯಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟು ಮಾತ್ರ ಹಣವಿರಲಿ. ಜೀವಮಾನದ ಉಳಿತಾಯ ಬೇರೊಂದು ಖಾತೆಯಲ್ಲಿರಲಿ. ವಾಟ್ಸ್‌ಆ್ಯಪಿನಲ್ಲಿ ಎರಡು ಹಂತದ ಪರಿಶೀಲನೆ ಎಂಬ ಏರ್ಪಾಡಿದೆ. ಮಕ್ಕಳು ತಂದೆತಾಯಿಗಳ ಮೊಬೈಲಿನಲ್ಲಿ ಅದನ್ನು ಹೊಂದಿಸಿಕೊಡಲಿ. ಗುಪ್ತಸಂಖ್ಯೆ ಬೇಕಾಗುವುದು ಹಣ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ ಎಂಬುದು ಎಲ್ಲರ ನೆನಪಿನಲ್ಲಿರಲಿ. ಹಣ ಕೇಳುವ ಸಂದೇಶ ಎಷ್ಟೇ ಆಪ್ತರಿಂದ ಬಂದರೂ, ನಮಗೆ ಮೊದಲಿನಿಂದ ತಿಳಿದ ಸಂಖ್ಯೆಗೆ ಕರೆ ಮಾಡಿ ಮಾತನಾಡಿದ ಮೇಲೆಯೇ ಮುಂದಿನ ಕೆಲಸ. ‘ಆ ಖಾತೆ ನಡೆಯುತ್ತಿಲ್ಲ, ಈ ಬೇರೆ ಸಂಖ್ಯೆಗೆ ಹಾಕು’ ಎಂಬ ಮಾತು ಬಂದರೆ ಅದು ವಂಚನೆಯ ಲಕ್ಷಣವೆಂದೇ ತಿಳಿಯಬೇಕು.

ಹಣ ಹೋಯಿತೆಂದು ತಿಳಿದ ಕೂಡಲೆ 1930 ಎಂಬ ಸಂಖ್ಯೆಗೆ ಕರೆ ಮಾಡಿ ದೂರು ನೀಡಬೇಕು, ಬ್ಯಾಂಕಿಗೂ ತಿಳಿಸಬೇಕು. ಹಣವು ಕಳ್ಳನ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲೇ ತಡೆಯಲು ಆರಂಭದ ಕೆಲವು ಗಂಟೆಗಳಲ್ಲಿ ಅವಕಾಶ ಹೆಚ್ಚು. ಈ ಕಾರಣದಿಂದಲೇ ಮಕ್ಕಳಿಗೂ ಸೊಸೆಯಂದಿರಿಗೂ ಒಂದು ಮಾತು ಹೇಳಬೇಕಾಗಿದೆ. ಮೋಸಹೋದ ಹಿರಿಯರನ್ನು ಮೂದಲಿಸಬೇಡಿರಿ. ಬೈಗುಳಕ್ಕೆ ಹೆದರಿ ಎರಡು ದಿನ ವಿಷಯವನ್ನು ಮುಚ್ಚಿಟ್ಟ ಎಷ್ಟೋ ಹಿರಿಯರು, ಹಿಂದೆ ಪಡೆಯಬಹುದಾಗಿದ್ದ ಹಣವನ್ನೂ ಕಳೆದುಕೊಂಡಿದ್ದಾರೆ. ನಾಚಿಕೆ ಪಡಬೇಕಾದವನು ಮೋಸ ಮಾಡಿದವನೇ ಹೊರತು ನಂಬಿದವನಲ್ಲ.

ಕಷ್ಟದಲ್ಲಿರುವವನು ಕೇಳಿದಾಗ ಕೊಡುವ ಮನಸ್ಸು ಈ ಎಚ್ಚರದಿಂದ ಬತ್ತಬೇಕಾಗಿಲ್ಲ. ವಿಚಾರಿಸಿ ಕೊಡುವುದೆಂದರೆ ಅನುಮಾನಿಸಿ ಕೊಡುವುದೆಂದು ಅರ್ಥವಲ್ಲ. ಕರೆ ಮಾಡಿ ‘ನೀನೇ ಕೇಳಿದೆಯಾ, ಮೊಮ್ಮಗ ಹೇಗಿದ್ದಾನೆ’ ಎಂದು ಎರಡು ಮಾತು ಆಡಿದರೆ ವಂಚಕನ ಬಲೆ ಹರಿಯುತ್ತದೆ. ನಿಜವಾಗಿ ಕಷ್ಟದಲ್ಲಿರುವವನಿಗೆ ಹಣಕ್ಕಿಂತ ಮೊದಲು ಒಂದು ಸಾಂತ್ವನದ ದನಿ ದೊರೆಯುತ್ತದೆ. ಯಾವ ಕಂಪನಿಯ ಯಾವ ಸೌಲಭ್ಯ ಬಂದರೂ ಈ ಪದ್ಧತಿಯನ್ನು ಪ್ರತಿಯೊಂದು ಮನೆಯೂ ಇಂದಿನಿಂದಲೇ ರೂಢಿಸಿಕೊಳ್ಳಲಿ.